ಪೆಲೆಟ್ ಡಬ್ಬಿಗೆ ಇರುವುದು ಒಂದೇ ಎಂಆರ್‌ಪಿ



ಆನ್‌ಲೈನ್ ಹಾವಳಿಯಿಂದ ಕೊಡಗು ಜಿಲ್ಲೆಯ ಕೋವಿ ಅಂಗಡಿಗಳಿಗೆ ಕುತ್ತು ಬಂದಿದೆ ಎಂಬ ನಿಮ್ಮ ಪತ್ರಿಕೆಯ ಭಾನುವಾರದ ವರದಿ ಓದಿದೆ. ಅಂಗಡಿಯವರ ಅಳಲು ಪೂರ್ತಿ ಬಂದಿದೆ, ಅವರು ಗಲ್ಲದ ಮೇಲೆ ಕೈಯಿಟ್ಟು ಕೂತ ಚಿತ್ರವೂ ಬಂದಿದೆ. ಕೊಳ್ಳುವವರನ್ನು ಮಾತ್ರ ಯಾರೂ ಕೇಳಿದ ಹಾಗಿಲ್ಲ. ಆದ್ದರಿಂದ ಕೇಳದೆಯೇ ಹೇಳುತ್ತಿದ್ದೇನೆ.

ವರದಿ ಓದಿ ನನ್ನ ಮನಸ್ಸೂ ಕರಗಿತ್ತು. ನಮ್ಮೂರಿನವರಿಗೇ ನಾಲ್ಕು ಕಾಸು ಸಿಗಲಿ ಎಂದು ಗುರಿ ಕಲಿಯುವ ಮಗಳನ್ನು ಕರೆದುಕೊಂಡು ಪೇಟೆಯ ಅಂಗಡಿಗೆ ಹೋದೆ. ಬೇಕಿದ್ದುದು ಹತ್ತು ಮೀಟರ್ ಏರ್ ರೈಫಲ್‌ಗೆ ಹಾಕುವ 4.5 ಮಿ.ಮೀ. ಮ್ಯಾಚ್ ಪೆಲೆಟ್, ಜರ್ಮನಿಯದು, 500ರ ಒಂದು ಡಬ್ಬಿ. ಅಂಗಡಿಯಾತ 1,900 ರೂಪಾಯಿ ಎಂದ. ಡಬ್ಬಿ ತಿರುಗಿಸಿದರೆ ಆಮದುದಾರ ಅಂಟಿಸಿದ ಚೀಟಿಯಲ್ಲಿ ಎಂಆರ್‌ಪಿ 1,450, ಎಲ್ಲ ತೆರಿಗೆ ಸೇರಿ ಎಂದು ಅಚ್ಚಾಗಿದೆ. ಇದೇನು ಎಂದು ಕೇಳಿದ್ದಕ್ಕೆ, ‘ಅದು ಹಳೇ ಚೀಟಿ ಸಾರ್, ಈಗ ರೇಟು ಏರಿದೆ’ ಎಂದ. ಸರಿ, ಬಿಲ್ ಕೊಡಿ ಎಂದೆ. ‘ಬಿಲ್ ಬೇಕಂದ್ರೆ ಟ್ಯಾಕ್ಸ್ ಬೇರೆ ಆಗುತ್ತೆ.’ ಎಲ್ಲ ತೆರಿಗೆ ಸೇರಿದ ಬೆಲೆಗಿಂತ 450 ರೂಪಾಯಿ ಹೆಚ್ಚು ಕೇಳಿ, ಅದರ ಮೇಲೆ ಮತ್ತೆ ತೆರಿಗೆಯಂತೆ! ಸೈನ್ಯದಲ್ಲಿದ್ದಾಗ ಕ್ಯಾಂಟೀನ್ ಲೆಕ್ಕ ನೋಡಿದವನು ನಾನು. ಇಂಥ ಗಣಿತ ಅಲ್ಲಿಯೂ ಕಂಡಿರಲಿಲ್ಲ.

ಅದೇ ಡಬ್ಬಿ, ಅದೇ ಆಮದುದಾರನ ಚೀಟಿ, ಆನ್‌ಲೈನ್‌ನಲ್ಲಿ ಕೊರಿಯರ್ ಖರ್ಚೂ ಸೇರಿ 1,320 ರೂಪಾಯಿಗೆ ಬರುತ್ತದೆ. ಬಿಲ್ ಕೇಳಬೇಕಾಗಿಲ್ಲ, ಡಬ್ಬಿಯ ಜೊತೆಗೇ ಇರುತ್ತದೆ.

ಒಂದು ಡಬ್ಬಿಗೆ 580 ರೂಪಾಯಿ ವ್ಯತ್ಯಾಸ ದೊಡ್ಡದಲ್ಲ ಎನ್ನುವವರು ಈ ಆಟ ಆಡುವ ಮಕ್ಕಳ ಮನೆಯವರಲ್ಲ. ಸ್ಪರ್ಧೆಯ ಅರ್ಹತಾ ಸುತ್ತಿನಲ್ಲೇ 60 ಗುಂಡು ಹೊಡೆಯಬೇಕು. ಅದಕ್ಕೆ ತಯಾರಾಗುವ ಹುಡುಗಿ ದಿನಕ್ಕೆ ನೂರು ಹೊಡೆದರೆ ಐದು ದಿನಕ್ಕೆ ಡಬ್ಬಿ ಖಾಲಿ. ವರ್ಷಕ್ಕೆ 300 ದಿನ ಅಭ್ಯಾಸವೆಂದರೆ 60 ಡಬ್ಬಿ. ಅಂಗಡಿಗೂ ಆನ್‌ಲೈನ್‌ಗೂ ಇರುವ ವ್ಯತ್ಯಾಸವೇ 34,800 ರೂಪಾಯಿ ಆಯಿತು. ಕರಿಮೆಣಸಿನ ಬೆಲೆ ನಂಬಿ ಬದುಕುವ ನಮ್ಮಂಥ ಸಣ್ಣ ಬೆಳೆಗಾರರು ಇದನ್ನು ಊರಭಿಮಾನದ ಖಾತೆಗೆ ಬರೆದುಕೊಳ್ಳಬೇಕೇ?

ಪೊಟ್ಟಣದ ಮೇಲೆ ಅಚ್ಚಾದ ಗರಿಷ್ಠ ಬೆಲೆಗಿಂತ ಹೆಚ್ಚಿಗೆ ಮಾರಬಾರದು ಎಂದು 2011ರ ಕಾನೂನು ಮಾಪನಶಾಸ್ತ್ರ ನಿಯಮಗಳು ಹೇಳುತ್ತವೆ. ಚೀಟಿ ಹಳೆಯದಾದರೆ ಮಾಲೂ ಹಳೆಯದೇ ತಾನೇ? ಹಳೇ ಬೆಲೆಗೆ ತಂದ ಮಾಲು ಕಪಾಟಿನಲ್ಲಿ ಕೂತಲ್ಲೇ ಬೆಲೆ ಏರಿಸಿಕೊಂಡಿತೇ? ಬಸ್ ನಿಲ್ದಾಣದಲ್ಲಿ ನೀರಿನ ಬಾಟಲಿಗೆ ಐದು ರೂಪಾಯಿ ಹೆಚ್ಚು ಕೇಳಿದರೆ ಊರು ಸೇರಿಸುವ ನಾವು, ಕೋವಿ ಅಂಗಡಿಯಲ್ಲಿ 450 ಕೇಳಿದರೆ ಬಾಯಿ ಮುಚ್ಚಿ ಎಣಿಸಿ ಕೊಡಬೇಕಂತೆ.

ಆನ್‌ಲೈನ್‌ನವರದು ಡೂಪ್ಲಿಕೇಟ್ ಮಾಲು, ನಮ್ಮದು ಅಸಲಿ ಎಂದೂ ವರದಿಯಲ್ಲಿದೆ. ಅಸಲಿಯ ಯೋಗ್ಯತೆ ಕೇಳಿ. ಇಡೀ ಡಬ್ಬಿ ಕೊಳ್ಳಲಾಗದ ಮಕ್ಕಳಿಗೆ ಈತ ಸೀಲ್ ಒಡೆದು ನೂರು ನೂರು ಎಣಿಸಿ ಪ್ಲಾಸ್ಟಿಕ್ ಕವರಿಗೆ ತುಂಬಿ ಮಾರುತ್ತಾನೆ. ಅರ್ಧ ಗ್ರಾಂ ತೂಗುವ ಮೆತ್ತನೆಯ ಸೀಸ ಅದು. ಹಿಂಭಾಗದ ಟೊಳ್ಳು ಅಂಚು ಕೂದಲಷ್ಟು ನೆಗ್ಗಿದರೂ ಗುಂಡು ದಾರಿ ತಪ್ಪುತ್ತದೆ. ಏರ್ ರೈಫಲ್ ಗುರಿಹಲಗೆಯಲ್ಲಿ ಹತ್ತು ಅಂಕದ ಚುಕ್ಕೆ ಇರುವುದೇ ಅರ್ಧ ಮಿಲಿಮೀಟರ್. ತಯಾರಕರು ತಲೆಯ ಅಳತೆ 4.49, 4.50 ಎಂದು ಬೇರೆ ಬೇರೆ ಡಬ್ಬಿ ಮಾಡಿ, ಪ್ರತಿ ಡಬ್ಬಿಗೂ ಬ್ಯಾಚ್ ನಂಬರ್ ಕೊಡುತ್ತಾರೆ. ಯಾವ ರೈಫಲ್‌ನ ನಳಿಕೆಗೆ ಯಾವುದು ಒಗ್ಗುತ್ತದೆ ಎಂದು ಹೊಡೆದು ನೋಡಿಯೇ ಆರಿಸಬೇಕು. ನಮ್ಮ ಅಂಗಡಿಯಾತನನ್ನು 4.49 ಇದೆಯೇ ಎಂದು ಮಗಳು ಕೇಳಿದರೆ, ‘ಎಲ್ಲ ಒಂದೇಮ್ಮಾ, ಹೊಡೆಯೋಕೆ ಬರಬೇಕಷ್ಟೇ’ ಎಂದು ನಕ್ಕ. ಅವಳು ಹೊಡೆಯುವುದನ್ನು ಆತ ನೋಡಿಯೂ ಇಲ್ಲ.

ಒಂದೇ ಬ್ಯಾಚಿನ ಹತ್ತು ಡಬ್ಬಿ ತರಿಸಿಟ್ಟು, ಒಂದಿಷ್ಟು ಹೊಡೆದು ನೋಡಲು ಕೊಟ್ಟು, ಎಂಆರ್‌ಪಿಯನ್ನೇ ಪೂರ್ತಿ ತೆಗೆದುಕೊಳ್ಳಲಿ, ಕೊಡುತ್ತೇನೆ. ಆನ್‌ಲೈನ್‌ನವನು ಮಾಡಲಾಗದ ಕೆಲಸ ಅದೊಂದೇ. ಅದನ್ನು ಬಿಟ್ಟು ಮಿಕ್ಕದ್ದೆಲ್ಲ ನಮ್ಮ ಅಂಗಡಿಯವರು ಮಾಡುತ್ತಾರೆ.

ಇನ್ನೊಂದು ವಿಷಯ ಹೇಳದೆ ಇದ್ದರೆ ತಪ್ಪಾಗುತ್ತದೆ. ಆನ್‌ಲೈನ್‌ನಲ್ಲಿ ಯಾರು ಬೇಕಾದರೂ ಕೊಳ್ಳಬಹುದು, ನಾವಾದರೆ ಮುಖ ನೋಡಿ ಮಾರುತ್ತೇವೆ ಎಂದು ವ್ಯಾಪಾರಿಗಳು ಎದೆ ತಟ್ಟಿಕೊಂಡಿದ್ದಾರೆ. ನಾನು ತರಿಸುವ ಕಡೆ ಆಧಾರ್ ಪ್ರತಿ ಕಳಿಸದೆ ಆರ್ಡರ್ ಮುಂದೆ ಹೋಗುವುದಿಲ್ಲ. ಇಲ್ಲಿ ನಾನು ಬಿಲ್ಲಿಗಾಗಿ ವಾದಿಸುತ್ತಿದ್ದಾಗಲೇ ಶಾಲೆಯ ಯೂನಿಫಾರ್ಮಿನಲ್ಲಿದ್ದ ಇಬ್ಬರು ಹುಡುಗರು ಬಂದು ಚೂಪು ಮೂತಿಯ ಪೆಲೆಟ್ ಕೇಳಿದರು. ಹೆಸರಿಲ್ಲ, ವಯಸ್ಸಿಲ್ಲ, ಕೊಟ್ಟ. ಕಾಗದದ ಗುರಿಗೆ ಹೊಡೆಯುವವರು ಚಪ್ಪಟೆ ಮೂತಿಯದನ್ನು ಬಳಸುತ್ತಾರೆ, ಅದು ದುಂಡಗೆ ತೂತು ಕೊರೆಯುತ್ತದೆ. ಚೂಪು ಮೂತಿಯದನ್ನು ಆ ಮಕ್ಕಳು ಯಾವ ಗುರಿಗೆ ಹೊಡೆಯುತ್ತಾರೆಂದು ನಮ್ಮ ತೋಟದ ನೆರಳು ಮರಗಳಲ್ಲಿ ಕೂರುವ ಕುಟ್ರು ಹಕ್ಕಿಗಳನ್ನು ಕೇಳಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಬೇಟೆ, ಅಪರಾಧ. ಮುಖ ನೋಡಿ ಮಾರುವುದೆಂದರೆ ಇದೇ ಇರಬೇಕು.

ಕೋವಿಗೆ ಪೂಜೆ ಮಾಡುವ ಜಿಲ್ಲೆ ನಮ್ಮದು. ಕೈಲ್ ಮುಹೂರ್ತದ ದಿನ ನಳಿಕೆಗೆ ತೋಕ್ ಪೂ ಹೂ ಸಿಕ್ಕಿಸಿ ಕೈಮುಗಿಯುತ್ತೇವೆ, ತೆಂಗಿನಕಾಯಿಗೆ ಗುಂಡು ಹೊಡೆಯುತ್ತೇವೆ. ಏರ್‌ಗನ್‌ನಲ್ಲಿ ಕೋಳಿಮೊಟ್ಟೆಗೆ ಗುರಿಯಿಡುವ ಸ್ಪರ್ಧೆಗಳಲ್ಲಿ ಹೆಣ್ಣುಮಕ್ಕಳು ಸಾಲುಗಟ್ಟಿ ನಿಲ್ಲುತ್ತಾರೆ. 2024ರಲ್ಲಿ ಮನು ಭಾಕರ್ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಏರ್ ಪಿಸ್ತೂಲಿನಿಂದ ಎರಡು ಕಂಚು ಗೆದ್ದಾಗ ಇದೇ ಅಂಗಡಿಯ ಮುಂದೆ ಅಭಿನಂದನೆಯ ಬ್ಯಾನರ್ ಕಟ್ಟಿದ್ದರು, ಆಕೆಯ ಚಿತ್ರಕ್ಕಿಂತ ಮಾಲೀಕರ ಚಿತ್ರ ದೊಡ್ಡದು. ಅಂಥ ಊರಿನಲ್ಲಿ ಗುರಿ ಕಲಿಯುವ ಒಬ್ಬ ಹುಡುಗಿಗೆ ಅಚ್ಚಾದ ಬೆಲೆಗೆ ಒಂದು ಡಬ್ಬಿ ಪೆಲೆಟ್ ಸಿಗುವುದಿಲ್ಲ. ನಾಚಿಕೆಯಾಗಬೇಕಾದದ್ದು ನನಗೋ, ಅವರಿಗೋ?

ಬಾಡಿಗೆ, ಕರೆಂಟು, ಕೆಲಸದವರ ಸಂಬಳ ಎಂದೆಲ್ಲ ಅವರು ಹೇಳಬಹುದು. ಆ ಖರ್ಚು ಯಾವ ಅಂಗಡಿಗಿಲ್ಲ? ಪಕ್ಕದ ಔಷಧಿ ಅಂಗಡಿಯವನು ಎಂಆರ್‌ಪಿಗಿಂತ ಕಡಿಮೆಗೇ ಕೊಟ್ಟು ಮಹಡಿ ಮನೆ ಕಟ್ಟಿದ್ದಾನೆ.

ಕಾನೂನು ಮಾಪನಶಾಸ್ತ್ರ ಇಲಾಖೆಯ ಅಧಿಕಾರಿಗಳು ತರಕಾರಿ ಗಾಡಿಗಳ ತಕ್ಕಡಿ ನೋಡುವುದನ್ನು ಒಂದು ದಿನ ನಿಲ್ಲಿಸಿ, ಈ ಕಪಾಟುಗಳಲ್ಲಿರುವ ಡಬ್ಬಿಗಳ ಚೀಟಿಯನ್ನೂ ಬಿಲ್ ಪುಸ್ತಕವನ್ನೂ ನೋಡಲಿ. ಹೀಗೆ ಹೆಚ್ಚು ಕೊಟ್ಟ ಪೋಷಕರು ಡಬ್ಬಿ ಎಸೆಯದೆ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಲಿ. ನಾನು ಮಾಡಿದ್ದೇನೆ.

— ಒಬ್ಬ ಮಾಜಿ ಸೈನಿಕ, ದಕ್ಷಿಣ ಕೊಡಗು