ನಾವು ಹೋದ್ಮೇಲೆ ಇವರ ಗತಿ ಏನು?

ಕಳೆದ ಭಾನುವಾರ ಅಪ್ಪ, ಅಮ್ಮ, ತಮ್ಮ, ನಾನು ಬೆಂಗಳೂರಲ್ಲಿ ನಡೆದ ಡೌನ್ ಸಿಂಡ್ರೋಮ್ ಸಮಾವೇಶಕ್ಕೆ ಹೋಗಿದ್ವಿ. ತಮ್ಮನಿಗೀಗ 24. ವೇದಿಕೆ ಮೇಲೆ ಡಾಕ್ಟರು 21ನೇ ಕ್ರೋಮೋಸೋಮಿನ ಹೆಚ್ಚುವರಿ ಪ್ರತಿಯ ಬಗ್ಗೆ ವಿವರಿಸ್ತಿದ್ರು. ಕೆಳಗೆ ಕೂತ ಅಪ್ಪ ಅಮ್ಮಂದಿರದ್ದು ಮಾತ್ರ ಒಂದೇ ಪ್ರಶ್ನೆ: "ನಾವು ಹೋದ್ಮೇಲೆ ಇವರ ಗತಿ ಏನು?"

ಇದಕ್ಕೆ ಉತ್ತರಿಸಬೇಕಾದ್ದು ಡಾಕ್ಟರಲ್ಲ, ಸರ್ಕಾರ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಶೇ. 40 ಅಥವಾ ಹೆಚ್ಚು ವೈಕಲ್ಯವಿರುವ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕು ಕೊಡುತ್ತೆ. ಆಮೇಲೆ? ಸರ್ಕಾರಿ ಹುದ್ದೆಗಳಲ್ಲಿ ಕನಿಷ್ಠ ಶೇ. 4 ಮೀಸಲಾತಿ ಇದೆ. ಅದರಲ್ಲಿ ಬೌದ್ಧಿಕ ವೈಕಲ್ಯ, ಆಟಿಸಂ, ಕಲಿಕಾ ವೈಕಲ್ಯ, ಮಾನಸಿಕ ಅಸ್ವಸ್ಥತೆ, ಬಹುವೈಕಲ್ಯ ಇಷ್ಟಕ್ಕೂ ಸೇರಿ ಶೇ. 1. ಖಾಸಗಿ ಕಂಪನಿಗಳಿಗೆ ಕಡ್ಡಾಯವೇ ಇಲ್ಲ. ಇನ್ನು 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಗಾರ್ಡಿಯನ್ ನೇಮಿಸಬಹುದು. ಸಹಿ ಹಾಕೋಕೆ ಒಬ್ರು ಸಿಗ್ತಾರೆ, ಸಂಬಳ ಸಿಗಲ್ಲ.

ಅಲ್ಲಿ ಕಾಫಿ ಕೊಡ್ತಿದ್ದ ಹುಡುಗಿಗೂ ಡೌನ್ ಸಿಂಡ್ರೋಮ್. ತಮ್ಮ ನೇರವಾಗಿ ಕೇಳಿದ: "ನಿಂಗೆ ಸಂಬಳ ಎಷ್ಟು?" ವಾಪಸ್ ಬರುವಾಗ ನನ್ನ ಕಡೆ ತಿರುಗಿದ: "ಅಣ್ಣ, ನಂಗೆ ಕೆಲಸ ಯಾವಾಗ?"

ಇಂಜಿನಿಯರಿಂಗ್ ಕೆಲಸ ಬಿಟ್ಟು ಪತ್ರಿಕೋದ್ಯಮಕ್ಕೆ ಬರೋ ಆಯ್ಕೆ ನನಗಿತ್ತು. ಅವನಿಗಿನ್ನೂ ಮೊದಲ ಕೆಲಸವೇ ಸಿಕ್ಕಿಲ್ಲ.