ಕೆರೆಯ ಕಾಯಕ

ಭಾರತದ ಅನೇಕ ಪ್ರಾಚೀನ ನಗರಗಳು ನದಿಗಳ ದಂಡೆಯ ಮೇಲೆ ಬೆಳೆದು ಬಂದಿವೆ. ಹುಬ್ಬಳ್ಳಿ-ಧಾರವಾಡಗಳ ಭಾಗ್ಯ ಬೇರೆ ಬಗೆಯದು. ಮಲೆನಾಡು ಮುಗಿದು ಬಯಲುಸೀಮೆ ತೊಡಗುವ ಅಂಚಿನಲ್ಲಿ, ಮಳೆಯ ನೀರು ಇಬ್ಭಾಗವಾಗಿ ಹರಿದುಹೋಗುವ ಎತ್ತರದ ನೆಲದ ಮೇಲೆ ಈ ಅವಳಿ ನಗರಗಳು ನೆಲೆಗೊಂಡಿವೆ. ಧಾರವಾಡದ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆ ಪಡುವಣಕ್ಕೆ ಸಾಗಿ, ಬೇಡ್ತಿಯನ್ನು ಕೂಡಿ, ಗಂಗಾವಳಿಯೆಂಬ ಹೆಸರಿನಿಂದ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಮೂಡಣದ ಎರೆಭೂಮಿಯ ಮೇಲೆ ಬಿದ್ದ ಮಳೆಯಾದರೋ ತುಪ್ಪರಿಹಳ್ಳ, ಬೆಣ್ಣಿಹಳ್ಳಗಳನ್ನು ಹಿಡಿದು ಮಲಪ್ರಭೆಗೆ, ಅಲ್ಲಿಂದ ಕೃಷ್ಣೆಗೆ, ಕೊನೆಗೆ ಬಂಗಾಳ ಉಪಸಾಗರಕ್ಕೆ ಹೋಗುತ್ತದೆ. ಇಂತಹ ಎತ್ತರದಲ್ಲಿರುವ ಊರಿಗೆ ಮೇಲಿನಿಂದ ನೀರು ತಂದುಕೊಡುವ ನದಿಯಿಲ್ಲ. ಮುಗಿಲು ಕೊಟ್ಟದ್ದರಲ್ಲಿ ಹಿಡಿದಿಟ್ಟುಕೊಂಡಷ್ಟೇ ಅದರ ಪಾಲು. ಈ ಸತ್ಯವನ್ನು ಅರಿತಿದ್ದ ಹಿರಿಯರು ಕೆರೆಗಳನ್ನು ಕಟ್ಟಿದರು.

ಉಣಕಲ್ಲ ಕೆರೆ, ತೋಳನಕೆರೆ, ಕೆಲಗೇರಿಯ ಕೆರೆ, ಸಾಧನಕೇರಿಯ ಕೆರೆ, ನವಲೂರ ಕೆರೆ — ಇವೆಲ್ಲ ಆ ದೂರದೃಷ್ಟಿಯ ಕುರುಹುಗಳು. ಸುಮಾರು 200 ಎಕರೆ ವಿಸ್ತಾರವಾದ ಉಣಕಲ್ಲ ಕೆರೆಯು ಒಂದು ಕಾಲಕ್ಕೆ ಹುಬ್ಬಳ್ಳಿಯ ಕುಡಿಯುವ ನೀರಿನ ಆಸರೆಯಾಗಿತ್ತು. ಕೆಲಗೇರಿಯ ಕೆರೆ ಧಾರವಾಡದ ಬಾಯಾರಿಕೆಯನ್ನು ಹಿಂಗಿಸಿತ್ತು. ಸಾಧನಕೇರಿಯ ಕೆರೆಯ ಎದುರಿನಲ್ಲಿಯೇ ವರಕವಿ ಬೇಂದ್ರೆಯವರು ಬಾಳಿದರು. ಕಲ್ಯಾಣದಿಂದ ಉಳವಿಗೆ ಸಾಗಿದ ಶರಣರ ಹಾದಿಯಲ್ಲಿ ಚೆನ್ನಬಸವಣ್ಣನವರು ಉಣಕಲ್ಲಿನಲ್ಲಿ ತಂಗಿದ್ದರೆಂಬ ನಂಬಿಕೆಯು ಈ ಭಾಗದ ಭಕ್ತರಲ್ಲಿ ಇಂದಿಗೂ ಜೀವಂತವಾಗಿದೆ. ನೀರು, ಕಾವ್ಯ, ಭಕ್ತಿ ಮೂರೂ ಒಂದೇ ದಂಡೆಯ ಮೇಲೆ ಕೂಡಿ ಬಾಳಿದ ನಾಡಿದು.

ಆ ನಂಟು ಸಡಿಲಗೊಂಡ ಬಗೆಯನ್ನು ತಿಳಿಯುವುದು ಅವಶ್ಯ. 1955ರಲ್ಲಿ ಬೇಡ್ತಿಯ ಹರಿವಿಗೆ ಅಡ್ಡಲಾಗಿ ನೀರಸಾಗರ ನಿರ್ಮಾಣವಾಯಿತು. ಮುಂದೆ ಸವದತ್ತಿಯ ಸಮೀಪದ ನವಿಲುತೀರ್ಥದ ಜಲಾಶಯದಿಂದ ಮಲಪ್ರಭೆಯ ನೀರನ್ನು ಎತ್ತಿ, ಅಮ್ಮಿನಭಾವಿಯಲ್ಲಿ ಶುದ್ಧಗೊಳಿಸಿ, ಅವಳಿ ನಗರಗಳಿಗೆ ತರಲಾಯಿತು. ಬೆಳೆಯುತ್ತಿದ್ದ ನಗರಕ್ಕೆ ಈ ಯೋಜನೆಗಳು ಅನಿವಾರ್ಯವಾಗಿದ್ದವು. ಅವುಗಳನ್ನು ರೂಪಿಸಿದವರ ಉಪಕಾರವನ್ನು ಮರೆಯಲಾಗದು. ಆದರೆ ನಳದಲ್ಲಿ ದೂರದ ನೀರು ಬಂದ ದಿನದಿಂದ ಹತ್ತಿರದ ನೀರಿನ ಕಡೆಗೆ ಊರು ಬೆನ್ನು ತಿರುಗಿಸಿತು. ಕೊಡ ಹೊತ್ತು ಕೆರೆಗೆ ಹೋಗುವ ಮನೆಯವರಿಗೆ ಕೆರೆ ಕೆಟ್ಟರೆ ಆ ದಿನವೇ ತಿಳಿಯುತ್ತಿತ್ತು. ಕೆರೆಗೆ ಹೋಗುವ ಕಾರಣವೇ ಇಲ್ಲವಾದ ಮೇಲೆ ಅದು ಕೆಡುವುದನ್ನು ಕಾಣುವವರು ಯಾರು? ಮನೆಮನೆಯ ಗಟಾರಗಳು ಹಳ್ಳಕ್ಕೆ ತಿರುಗಿದವು, ಹಳ್ಳಗಳು ಕೆರೆಗೆ ತಿರುಗಿದವು. ಕೊಳೆಯನ್ನುಂಡು ಬೆಳೆಯುವ ಅಂತರಗಂಗೆ ಉಣಕಲ್ಲ ಕೆರೆಯ ಮೈಯನ್ನು ಮತ್ತೆ ಮತ್ತೆ ಮುಚ್ಚಿತು.

ಇದನ್ನು ಸರಿಪಡಿಸುವ ಪ್ರಯತ್ನಗಳು ನಡೆದೇ ಇಲ್ಲವೆಂದರೆ ಅನ್ಯಾಯವಾದೀತು. 2016ರಲ್ಲಿ ಹುಬ್ಬಳ್ಳಿ-ಧಾರವಾಡವು ಕೇಂದ್ರ ಸರ್ಕಾರದ ಸ್ಮಾರ್ಟ್ ಸಿಟಿ ಯೋಜನೆಗೆ ಆಯ್ಕೆಯಾಯಿತು. ಆ ಯೋಜನೆಯಲ್ಲಿ ತೋಳನಕೆರೆಯ ಅಭಿವೃದ್ಧಿಯಾಯಿತು. ಉಣಕಲ್ಲ ನಾಲೆಯ ದಂಡೆಗುಂಟ ನಡೆಯುವವರಿಗೂ ಸೈಕಲ್ ಸವಾರರಿಗೂ ಹಸಿರು ಪಥವನ್ನು ನಿರ್ಮಿಸುವ ಕಾರ್ಯ ಕೈಗೆತ್ತಿಕೊಳ್ಳಲ್ಪಟ್ಟಿತು. ಕೆರೆಯ ದಂಡೆಯಲ್ಲಿ ಮುಂಜಾನೆ ನಡೆದಾಡುವ ಹಿರಿಯರು, ಸಂಜೆ ಆಡುವ ಮಕ್ಕಳು ಹೆಚ್ಚಿದರು. ಇದು ಸಣ್ಣ ಲಾಭವಲ್ಲ. ಜನರು ನೀರಿನ ಬಳಿಗೆ ಮರಳಿ ಬಂದರೆ ನೀರಿನ ಮೇಲೆ ಮಮತೆ ಹುಟ್ಟುವ ಸಂಭವವುಂಟು. ಅಂತೆಯೇ ಪ್ರತಿ ವರ್ಷ ಜೂನ್ 5ರ ಪರಿಸರ ದಿನಾಚರಣೆ, ಜುಲೈ ಮೊದಲ ವಾರದ ವನಮಹೋತ್ಸವಗಳು ಶಾಲೆ ಕಾಲೇಜುಗಳಲ್ಲಿ ಸಂಭ್ರಮದಿಂದ ನೆರವೇರುತ್ತವೆ. ಸಸಿಗಳು ನೆಡಲ್ಪಡುತ್ತವೆ, ಭಾಷಣಗಳಾಗುತ್ತವೆ, ಮಕ್ಕಳ ಜಾಥಾ ಹೊರಡುತ್ತದೆ.

ಇಲ್ಲಿಯೇ ವಿಚಾರವಂತರು ಒಂದು ಕ್ಷಣ ನಿಂತು ಯೋಚಿಸಬೇಕಾಗಿದೆ. ಕೆರೆಯ ದಂಡೆ ಅಲಂಕೃತವಾದ ಮಾತ್ರಕ್ಕೆ ಕೆರೆ ಬದುಕುವುದಿಲ್ಲ. ಕೆರೆಯ ಜೀವವಿರುವುದು ಅದಕ್ಕೆ ನೀರು ತರುವ ಹಳ್ಳ-ಕಾಲುವೆಗಳಲ್ಲಿ. ಆ ಹಾದಿ ಮುಚ್ಚಿಹೋದರೆ ಕೆರೆ ಬತ್ತುತ್ತದೆ. ಆ ಹಾದಿಯಲ್ಲಿ ಕೊಳಚೆ ಹರಿದರೆ ಕೆರೆ ನಾರುತ್ತದೆ. ಕಟ್ಟೆಯ ಮೇಲೆ ಎಷ್ಟು ದೀಪ ಹಚ್ಚಿದರೂ, ಎಷ್ಟು ಕಾರಂಜಿ ಚಿಮ್ಮಿಸಿದರೂ ಈ ಲೆಕ್ಕ ಬದಲಾಗದು. ಮಳೆಗಾಲದ ಆರಂಭದಲ್ಲಿ ನೆಟ್ಟ ಸಸಿಯ ಪರೀಕ್ಷೆಯಾಗುವುದು ಮುಂದಿನ ಚೈತ್ರ-ವೈಶಾಖಗಳಲ್ಲಿ. ಆ ಬಿಸಿಲಿನಲ್ಲಿ ಅದಕ್ಕೆ ನೀರೆರೆಯುವ ಕೈ ಯಾವುದೆಂಬುದನ್ನು ಗೊತ್ತುಪಡಿಸದೆ ಸಸಿ ನೆಡುವುದು ಆಚರಣೆಯಾದೀತೇ ಹೊರತು ಕೃಷಿಯಾಗದು. ಮೇಲಾಗಿ, ಸ್ಮಾರ್ಟ್ ಸಿಟಿ ಯೋಜನೆಯು 2025ರ ಮಾರ್ಚ್ 31ಕ್ಕೆ ಮುಕ್ತಾಯಗೊಂಡಿತು. ಯೋಜನೆಗೆ ಅವಧಿಯುಂಟು, ಕೆರೆಗೆ ಅವಧಿಯಿಲ್ಲ. ಹಣ ತಂದ ಯೋಜನೆ ಮುಗಿದ ಮರುದಿನದಿಂದ ಹೂಳು ತೆಗೆಯುವವರು, ಅಂತರಗಂಗೆ ಕೀಳುವವರು, ಹಳ್ಳಕ್ಕೆ ಹೊಸ ಗಟಾರ ಕೂಡದಂತೆ ಕಾಯುವವರು ಯಾರೆಂಬುದೇ ಅವಳಿ ನಗರಗಳ ಮುಂದಿರುವ ನಿಜವಾದ ಪ್ರಶ್ನೆ.

ನಗರದ ಕೊಳಚೆಯು ಕಣ್ಣಿನಿಂದ ಮರೆಯಾಯಿತೆಂದರೆ ಮಾಯವಾಯಿತೆಂದು ಅರ್ಥವಲ್ಲ. ಬಿಡನಾಳ, ಗಬ್ಬೂರಿನಂತಹ ಊರುಗಳ ರೈತರು ಹುಬ್ಬಳ್ಳಿಯ ನಾಲೆಯ ನೀರನ್ನೇ ಎತ್ತಿ ಹೊಲಕ್ಕೆ ಹಾಯಿಸಿ ಬೆಳೆ ಬೆಳೆದ ಸಂಗತಿಯನ್ನು ಕೃಷಿ ಸಂಶೋಧಕರು ಈ ಶತಮಾನದ ಆರಂಭದಲ್ಲಿಯೇ ದಾಖಲಿಸಿದ್ದಾರೆ. ರೈತರನ್ನು ಇದಕ್ಕಾಗಿ ದೂರುವಂತಿಲ್ಲ. ಮಳೆ ಕೈಕೊಟ್ಟ ವರ್ಷವೂ ಬತ್ತದ ನೀರು ಅದೊಂದೇ. ಅದರಲ್ಲಿ ಗೊಬ್ಬರದ ಸಾರವೂ ಉಂಟು. ಆದರೆ ಆ ನೀರಿನೊಂದಿಗೆ ಆಸ್ಪತ್ರೆಗಳ ಸೂಜಿಗಳು, ಪ್ಲಾಸ್ಟಿಕ್ ಚೂರುಗಳು, ರೋಗದ ಕ್ರಿಮಿಗಳು ಹೊಲವನ್ನು ಹೊಕ್ಕು, ಬರಿಗಾಲಿನಲ್ಲಿ ದುಡಿಯುವವರನ್ನು ಮೊದಲು ತಾಗುತ್ತವೆ. ಆ ಹೊಲದ ಕಾಯಿಪಲ್ಲೆ ಮರಳಿ ನಗರದ ಸಂತೆಗೆ ಬರುತ್ತದೆ. ಊರು ಹೊರಗೆ ಚೆಲ್ಲಿದ್ದು ಊರಿನ ಊಟದ ಎಡೆಗೇ ತಿರುಗಿ ಬರುವ ಈ ಚಕ್ರವನ್ನು ತಿಳಿದವರು ಪರಿಸರವನ್ನು ವರ್ಷಕ್ಕೊಂದು ದಿನದ ವಿಷಯವೆಂದು ಭಾವಿಸಲಾರರು.

ಸರ್ಕಾರವಿದೆ, ಮಹಾನಗರಪಾಲಿಕೆಯಿದೆ, ಜನರು ತೆರಿಗೆ ಕೊಡುತ್ತಾರೆ. ಇನ್ನು ಸಾರ್ವಜನಿಕರು ಮಾಡಬೇಕಾದುದೇನು ಎಂದು ಕೇಳುವವರಿದ್ದಾರೆ. ಈ ಮಾತಿನಲ್ಲಿ ಹುರುಳಿಲ್ಲದಿಲ್ಲ. ಕೊಳಚೆ ನೀರನ್ನು ಶುದ್ಧೀಕರಿಸುವ ದೊಡ್ಡ ಕೆಲಸ ಶಾಲೆಯ ಮಕ್ಕಳಿಂದಾಗಲಿ, ಮಠದ ಭಕ್ತರಿಂದಾಗಲಿ ಆಗತಕ್ಕದ್ದಲ್ಲ. ಅದು ಪಾಲಿಕೆಯ ಹೊಣೆ. ಆದರೆ ಹೊಣೆ ಹೊತ್ತವರನ್ನು ಎಚ್ಚರಿಸುತ್ತಿರುವುದು ನಾಗರಿಕರ ಹೊಣೆ. ಕಾಯ್ದೆಗಳೂ ಇದಕ್ಕೆ ಅವಕಾಶವಿತ್ತಿವೆ. 1992ರಲ್ಲಿ ಅಂಗೀಕೃತವಾದ ಸಂವಿಧಾನದ 74ನೆಯ ತಿದ್ದುಪಡಿಯು ನಗರಗಳಲ್ಲಿ ವಾರ್ಡ್ ಸಮಿತಿಗಳ ಕಲ್ಪನೆಯನ್ನು ಮುಂದಿಟ್ಟಿತು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿಯೊಂದು ಸ್ಥಳೀಯ ಸಂಸ್ಥೆಯೂ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ರಚಿಸಬೇಕು. ಊರಿನ ಗಿಡಮರ, ಪ್ರಾಣಿಪಕ್ಷಿ, ಜಲಮೂಲಗಳ ಜನತಾ ದಾಖಲೆಯನ್ನು ಸಿದ್ಧಪಡಿಸಬೇಕು. ಅವಳಿ ನಗರಗಳಿಗೆ ಬೇಕಾಗಿರುವುದು ಇವುಗಳ ಆಧಾರದ ಮೇಲೆ ನಿಂತು, ವರ್ಷವಿಡೀ ಕೆಲಸ ಮಾಡುವ ಒಂದು ಪರಿಸರ ಮಂಡಳಿ. ಅದರಲ್ಲಿ ಎಂಜಿನಿಯರರೊಂದಿಗೆ ಶಿಕ್ಷಕರಿರಬೇಕು, ಕೃಷಿ ವಿಜ್ಞಾನಿಗಳೊಂದಿಗೆ ನಾಲೆಯ ಕೆಳಗಿನ ಊರುಗಳ ರೈತರಿರಬೇಕು, ಕಸ ಎತ್ತುವ ಪೌರಕಾರ್ಮಿಕರ ಪ್ರತಿನಿಧಿಯಿರಬೇಕು. ಪ್ರತಿಯೊಂದು ಕೆರೆಯ ನೀರಿನ ಸ್ಥಿತಿಯನ್ನು ಅದು ತಿಂಗಳಿಗೊಮ್ಮೆ ಜನರ ಮುಂದಿಡಬೇಕು. 1962ರಲ್ಲಿ ಒಂದಾದ ಅವಳಿ ನಗರಗಳ ಪೈಕಿ ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ಕೊಡಲು ರಾಜ್ಯದ ಸಚಿವ ಸಂಪುಟವು 2025ರ ಜನವರಿಯಲ್ಲಿ ಒಪ್ಪಿತು. ಪಾಲಿಕೆ ಒಂದಿರಲಿ, ಎರಡಿರಲಿ. ಹರಿಯುವ ನೀರಿಗೆ ಆ ಗಡಿ ತಿಳಿಯದು. ಪರಿಸರ ಮಂಡಳಿಯಾದರೂ ಎರಡೂ ಊರುಗಳನ್ನು ಕೂಡಿಸಿಯೇ ನೋಡಬೇಕು.

ಜನರ ಕೂಟಕ್ಕೆ ಬಲವಿದೆಯೇ ಎಂಬ ಸಂಶಯಕ್ಕೆ ಧಾರವಾಡದ ನೆಲದಲ್ಲಿಯೇ ಉತ್ತರವಿದೆ. 1984ರಲ್ಲಿ ಸ್ಥಾಪಿತವಾದ ಇಲ್ಲಿಯ ಸಮಾಜ ಪರಿವರ್ತನ ಸಮುದಾಯವು ಮುಂದಾಳಾಗಿ, 1987ರ ನವೆಂಬರ್ 14ರಂದು ಹಾನಗಲ್ಲ ತಾಲೂಕಿನ ಕುಸನೂರಿನಲ್ಲಿ ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹವನ್ನು ನಡೆಸಿತು. ಸರ್ಕಾರ ಮತ್ತು ಖಾಸಗಿ ಉದ್ಯಮ ಕೂಡಿ ಸ್ಥಾಪಿಸಿದ್ದ ಕಂಪನಿಯೊಂದಕ್ಕೆ ಒಪ್ಪಿಸಲಾಗಿದ್ದ ಊರ ಸಾಮೂಹಿಕ ಭೂಮಿಯಲ್ಲಿ, ಜನರು ನೀಲಗಿರಿಯ ಸಸಿಗಳನ್ನು ಕಿತ್ತು, ದನಕರುಗಳಿಗೂ ಮನೆತನಗಳಿಗೂ ಉಪಯೋಗವಾಗುವ ಸಸಿಗಳನ್ನು ಹಚ್ಚಿದರು. ಅದು ಒಂದು ದಿನದ ಕಾರ್ಯಕ್ರಮವೇ ಆಗಿದ್ದಿತು. ಆದರೆ ಅದರ ಬೆನ್ನಿಗೆ ಸರ್ವೋಚ್ಚ ನ್ಯಾಯಾಲಯದವರೆಗೆ ಒಯ್ದ ಅರ್ಜಿಯಿತ್ತು, ಹಳ್ಳಿಹಳ್ಳಿಗಳಲ್ಲಿ ಸೇರಿದ ಸಭೆಗಳಿದ್ದವು, ಬೇಸರವಿಲ್ಲದ ಬೆಂಬತ್ತುವಿಕೆಯಿತ್ತು. 1991ರಲ್ಲಿ ಆ ಕಂಪನಿಯನ್ನು ಮುಚ್ಚಲಾಯಿತು. ದಿನಾಚರಣೆಗೂ ಸತ್ಯಾಗ್ರಹಕ್ಕೂ ಇರುವ ಅಂತರವು ಆ ದಿನದ ಹಿಂದೆ ಮುಂದೆ ನಡೆದ ದುಡಿಮೆಯಲ್ಲಿದೆ.

ಶರಣಪರಂಪರೆಗೆ ಈ ಮಾತು ಹೊಸದಲ್ಲ. ಸೊನ್ನಲಿಗೆಯ ಸಿದ್ಧರಾಮರು ಕೆರೆಯನ್ನು ತೋಡಿಸಿದ ಕರ್ಮಯೋಗಿಗಳು. ಇಂದಿನ ಸೊಲ್ಲಾಪುರದ ಸಿದ್ಧೇಶ್ವರ ಗುಡಿಯನ್ನು ಬಳಸಿನಿಂತ ಕೆರೆಯು ಆ ಹಿರಿಮೆಯನ್ನು ಸಾರುತ್ತಿದೆ. ಅಂತಹ ಸಿದ್ಧರಾಮರ ಬಳಿಗೂ ಅಲ್ಲಮಪ್ರಭುಗಳು ಬಂದು, ಕೆರೆ-ಗುಡಿಗಳ ಕೆಲಸದಲ್ಲಿ ‘ನಾನು ಮಾಡಿದೆ’ ಎಂಬ ಭಾವ ಉಳಿದಿದೆಯೇ ಎಂದು ಪರೀಕ್ಷಿಸಿದರೆಂಬುದು ಶರಣರ ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ಪ್ರಭುಗಳ ಪ್ರಶ್ನೆಯಿಂದ ಕೆರೆ ಬೇಡವಾಗಲಿಲ್ಲ; ಕೆರೆಯ ಮೇಲಿನ ಹೆಸರು ಬೇಡವಾಯಿತು. ಇಂದು ಸಸಿಗಿಂತ ಎತ್ತರವಾದ ನಾಮಫಲಕಗಳನ್ನು ನೆಡುವ ಕಾಲದಲ್ಲಿ ಈ ಪ್ರಸಂಗಕ್ಕೆ ಹೊಸ ಅರ್ಥವಿದೆ. ಕಟ್ಟಡಕ್ಕೆ ಕೊಟ್ಟ ದಾನ ಕಲ್ಲಿನ ಮೇಲೆ ಕೆತ್ತಲ್ಪಡುತ್ತದೆ. ಹಳ್ಳದ ಹೂಳು ತೆಗೆಯಲು, ಸಸಿಗೆ ಮೂರು ಬೇಸಿಗೆ ನೀರೆರೆಯಲು ಕೊಟ್ಟ ದಾನವು ಎಲ್ಲಿಯೂ ಕೆತ್ತಲ್ಪಡದು. ಹೆಸರುಳಿಸದ ಈ ದಾನವೇ ದಾಸೋಹಕ್ಕೆ ಹೆಚ್ಚು ಸಮೀಪವಾದುದೆಂದು ದಾನಿಗಳಿಗೆ ಹೇಳಬೇಕಾಗಿಲ್ಲ. ಅದು ಅವರ ಸಂಸ್ಕಾರದಲ್ಲಿಯೇ ಇದೆ.

ಮಠಗಳ ಆಶ್ರಯದಲ್ಲಿ ನಡೆಯುವ ವಿದ್ಯಾಸಂಸ್ಥೆಗಳು ಈ ಕಾರ್ಯದಲ್ಲಿ ಮೇಲ್ಪಂಕ್ತಿಯಾಗಬಲ್ಲವು. ಅದಕ್ಕೆ ದೊಡ್ಡ ಹಣ ಬೇಡ. ಪ್ರತಿಯೊಂದು ಶಾಲೆಯ ಅಂಗಳದಲ್ಲಿ ಒಂದು ಮಳೆಮಾಪಕವಿರಲಿ. ಸಮೀಪದ ಕೆರೆಯ ದಂಡೆಯಲ್ಲಿ ನೀರಿನ ಮಟ್ಟ ತೋರಿಸುವ ಗುರುತಿನ ಕಲ್ಲಿರಲಿ. ಎಂಟನೆಯ ಇಯತ್ತೆಯ ಮಕ್ಕಳು ವಾರಕ್ಕೊಮ್ಮೆ ಹೋಗಿ ನೀರಿನ ಮಟ್ಟ, ಬಣ್ಣ, ವಾಸನೆ, ಬಂದ ಹಕ್ಕಿಗಳು, ಹೊಸದಾಗಿ ಕೂಡಿದ ಗಟಾರ ಇವನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಡಲಿ. ಹತ್ತು ವರ್ಷಗಳ ಅಂತಹ ಪುಸ್ತಕವನ್ನು ಮುಂದಿಟ್ಟಾಗ ಯಾವ ಅಧಿಕಾರಿಯೂ ಅದನ್ನು ಸುಲಭವಾಗಿ ತಳ್ಳಿಹಾಕಲಾರನು. ಎರಡನೆಯದಾಗಿ, ಶಾಲೆಯ ಮಾಳಿಗೆಯ ನೀರು. ಒಂದು ಸಾವಿರ ಚದರ ಮೀಟರ್ ಮಾಳಿಗೆಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಸಾವಿರ ಲೀಟರ್ ನೀರಾಗುತ್ತದೆ. ವರ್ಷಕ್ಕೆ 750 ಮಿಲಿಮೀಟರಿನ ಆಸುಪಾಸಿನ ಮಳೆಯಲ್ಲಿ, ಐದರಲ್ಲೊಂದು ಪಾಲು ಪೋಲಾದರೂ, 6 ಲಕ್ಷ ಲೀಟರ್ ದಕ್ಕುತ್ತದೆ. ಬೇಸಿಗೆಯ ಸಸಿಗಳಿಗೆ ಅದರಲ್ಲಿ ಒಂದಂಶ ಸಾಕು. ಮೂರನೆಯದಾಗಿ, ಜಾತ್ರೆ ಮತ್ತು ದಾಸೋಹ. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕನ್ನು ರಾಜ್ಯವು 2016ರಲ್ಲಿಯೇ ನಿಷೇಧಿಸಿತು. ಸಾವಿರಾರು ಭಕ್ತರು ಪ್ರಸಾದ ಸ್ವೀಕರಿಸುವ ಸ್ಥಳದಲ್ಲಿ ಪತ್ರಾವಳಿ, ಬಾಳೆಎಲೆ, ತೊಳೆದಿಡುವ ತಾಟುಗಳು ಮಾತ್ರ ಬಳಕೆಯಾದರೆ, ಎಂಜಲೆಲೆ ಮಠದ ತೋಟಕ್ಕೇ ಗೊಬ್ಬರವಾದರೆ, ಅದಕ್ಕಿಂತ ದೊಡ್ಡ ಪರಿಸರ ಪಾಠ ಬೇರೊಂದಿಲ್ಲ. ಪ್ರಸಾದದ ನಂತರ ಅಂಗಳದಲ್ಲಿ ಹಾರಾಡುವ ಪ್ಲಾಸ್ಟಿಕ್ ಲೋಟವು ಒಳಗೆ ನಡೆದ ಪ್ರವಚನವನ್ನು ಅಳಿಸಿಹಾಕುತ್ತದೆಂಬ ಕಹಿ ಸತ್ಯವನ್ನು ಭಕ್ತರೂ ಆಡಳಿತದವರೂ ಒಪ್ಪಿಕೊಳ್ಳಬೇಕು.

ಶಿಕ್ಷಕರಿಗೆ ಇದು ಇನ್ನೊಂದು ಹೊರೆಯಾಗದೆ? ಆದೀತು. ಪರೀಕ್ಷೆ, ದಾಖಲೆ, ತರಬೇತಿಗಳ ನಡುವೆ ಕೆರೆಯ ದಂಡೆಗೆ ಮಕ್ಕಳನ್ನು ಕರೆದೊಯ್ಯಲು ಬಿಡುವಿಲ್ಲವೆಂಬ ಅವರ ಅಳಲು ಸಹಜವಾದುದೇ. ಆದುದರಿಂದಲೇ ಆಡಳಿತ ಮಂಡಳಿಯು ಇದನ್ನು ಹೆಚ್ಚಿನ ಕೆಲಸವೆಂದು ಹೇರದೆ, ಭೂಗೋಲ-ವಿಜ್ಞಾನ-ಗಣಿತಗಳ ಪಾಠದೊಳಗೇ ಸೇರಿಸಿ ಸಮಯ ಕಲ್ಪಿಸಿಕೊಡಬೇಕು. ನಾಲ್ಕು ಗೋಡೆಗಳ ನಡುವೆ ಒಣಗಿದ ಪಾಠವು ಕೆರೆಯ ದಂಡೆಯಲ್ಲಿ ಚಿಗುರುವುದೆಂಬುದನ್ನು ಅನುಭವಿ ಶಿಕ್ಷಕರು ಬಲ್ಲರು. ಊರೂರುಗಳಲ್ಲಿ, ಕಚೇರಿಗಳಲ್ಲಿ ಹರಡಿರುವ ಹಳೆಯ ವಿದ್ಯಾರ್ಥಿಗಳಲ್ಲಿ ಎಂಜಿನಿಯರರಿದ್ದಾರೆ, ವಕೀಲರಿದ್ದಾರೆ, ವೈದ್ಯರಿದ್ದಾರೆ. ಮಕ್ಕಳು ಬರೆದಿಟ್ಟ ಲೆಕ್ಕವನ್ನು ಪಾಲಿಕೆಯ ಮೇಜಿನ ತನಕ ಒಯ್ದು, ಉತ್ತರ ಬರುವವರೆಗೆ ಬೆನ್ನು ಬಿಡದಿರುವ ಕೆಲಸ ಅವರದು.

ನದಿಯಿಲ್ಲದ ನೆಲದಲ್ಲಿ ಹಿರಿಯರು ಕೆರೆ ಕಟ್ಟಿ ಊರನ್ನು ಉಳಿಸಿದರು. ಕಟ್ಟುವ ಕಾಯಕ ಅವರ ಪಾಲಿಗೆ ಬಂದಿತ್ತು. ಕಾಯುವ ಕಾಯಕ ಇಂದಿನವರ ಪಾಲಿಗೆ ಬಂದಿದೆ. ಕಟ್ಟುವುದರಲ್ಲಿ ಕೀರ್ತಿಯುಂಟು, ಕಾಯುವುದರಲ್ಲಿ ಬೇಸರವೇ ಹೆಚ್ಚು. ಆ ಬೇಸರವನ್ನು ಗೆದ್ದ ಊರಿನಲ್ಲಿ ಮಾತ್ರ ಮುಂದಿನ ಬರಗಾಲದ ವರ್ಷದಲ್ಲಿಯೂ ಕೆರೆಯ ತಳದಲ್ಲಿ ಮಕ್ಕಳು ಅಳೆಯುವಷ್ಟು ನೀರು ಉಳಿದಿರುತ್ತದೆ.