ಗಂಟು ಕಂಡ ಮೇಲೆ ಹೋಗುವುದೆಲ್ಲಿಗೆ?

ಅಕ್ಟೋಬರ್ ಬಂತೆಂದರೆ ಗುಲಾಬಿ ರಿಬ್ಬನ್, ಜಾಥಾ, ಭಾಷಣ. ಸ್ತನ ಕ್ಯಾನ್ಸರ್ ಬಗ್ಗೆ ಎಲ್ಲೆಡೆ ಕೇಳುವ ಮಾತು ಒಂದೇ: ತಿಂಗಳಿಗೊಮ್ಮೆ ನೀವೇ ಮುಟ್ಟಿ ನೋಡಿಕೊಳ್ಳಿ. ಮಾತು ತಪ್ಪಲ್ಲ, ಆದರೆ ಸಾಲದು. ಶಾಂಘೈನ ಜವಳಿ ಗಿರಣಿಗಳ ಸುಮಾರು 2.66 ಲಕ್ಷ ಮಹಿಳೆಯರ ಮೇಲೆ ನಡೆದ ಅಧ್ಯಯನದ ಫಲಿತಾಂಶ 2002ರಲ್ಲಿ ಹೊರಬಂತು. ಸ್ವಯಂ ಪರೀಕ್ಷೆ ಕಲಿತವರಲ್ಲೂ ಕಲಿಯದವರಲ್ಲೂ ಈ ರೋಗದಿಂದಾದ ಸಾವಿನ ಪ್ರಮಾಣ ಹೆಚ್ಚುಕಡಿಮೆ ಒಂದೇ ಆಗಿತ್ತು.

ಮುಂಬೈನ ಟಾಟಾ ಸ್ಮಾರಕ ಕೇಂದ್ರ 1998ರಲ್ಲಿ ಬೇರೆ ದಾರಿ ಹಿಡಿಯಿತು. ಕೊಳೆಗೇರಿಗಳ ಒಂದೂವರೆ ಲಕ್ಷ ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಅರಿವು ಮಾತ್ರ ಕೊಟ್ಟಿತು. ಇನ್ನೊಂದು ಗುಂಪಿನವರನ್ನು ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಪರೀಕ್ಷಿಸಿದರು. ಇವರು ವೈದ್ಯರಲ್ಲ, ದುಬಾರಿ ಯಂತ್ರವೂ ಅವರ ಬಳಿ ಇರಲಿಲ್ಲ. ಆದರೂ ಪರೀಕ್ಷೆಗೆ ಒಳಗಾದವರಲ್ಲಿ ರೋಗ ಬೇಗ ಪತ್ತೆಯಾಯಿತು. 50 ದಾಟಿದವರಲ್ಲಿ ಸಾವು ಸುಮಾರು ಶೇ 30ರಷ್ಟು ಇಳಿಯಿತು. 50ರೊಳಗಿನವರಲ್ಲಿ ಸಾವು ತಗ್ಗಲಿಲ್ಲ, ಅದನ್ನೂ ಹೇಳಲೇಬೇಕು. ಇಪ್ಪತ್ತು ವರ್ಷಗಳ ಈ ಲೆಕ್ಕ 2021ರಲ್ಲಿ ಪ್ರಕಟವಾಯಿತು. ಬಡ ದೇಶವೊಂದಕ್ಕೆ ಇದಕ್ಕಿಂತ ಉಪಯುಕ್ತವಾದ ಪಾಠ ಸಿಗುವುದು ಕಷ್ಟ.

ನಾವು ಆ ಪಾಠ ಕಲಿತಿದ್ದೇವೆಯೇ? 30ರಿಂದ 65 ವರ್ಷದ ಮಹಿಳೆಯರಿಗೆ ಐದು ವರ್ಷಕ್ಕೊಮ್ಮೆ ಇದೇ ಬಗೆಯ ಪರೀಕ್ಷೆ ನಡೆಯಬೇಕೆಂದು ಕೇಂದ್ರ ಸರ್ಕಾರದ ಮಾರ್ಗಸೂಚಿ 2016ರಲ್ಲೇ ಹೇಳಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನು ನೋಡಿ: 30ರಿಂದ 49 ವರ್ಷದವರಲ್ಲಿ ಒಮ್ಮೆಯಾದರೂ ಸ್ತನ ಪರೀಕ್ಷೆ ಮಾಡಿಸಿಕೊಂಡವರು ನೂರಕ್ಕೆ ಒಬ್ಬರೂ ಇಲ್ಲ.

ಕಲಿಸುವುದರಲ್ಲೂ ಕೊರತೆಯಿದೆ. ನೋವಿಲ್ಲದ ಗಂಟೇ ಹೆಚ್ಚು ಅನುಮಾನಕ್ಕೆ ಅರ್ಹ. ನಮ್ಮ ಹೆಂಗಸರಾದರೋ ನೋವು ಬರುವವರೆಗೆ ಕಾಯುತ್ತಾರೆ. ಚರ್ಮ ಕುಳಿ ಬೀಳುವುದು, ತೊಟ್ಟು ಒಳಸರಿಯುವುದು, ರಕ್ತ ಜಿನುಗುವುದು, ಕಂಕುಳಲ್ಲಿ ಗಡ್ಡೆ – ಇವನ್ನು ಮುಜುಗರವಿಲ್ಲದೆ ಹೆಸರು ಹಿಡಿದು ಹೇಳಬೇಕು. ‘ನಮ್ಮ ವಂಶದಲ್ಲಿ ಯಾರಿಗೂ ಇಲ್ಲ’ ಎಂಬ ಧೈರ್ಯ ಬೇಡ, ಬಹುಪಾಲು ರೋಗಿಗಳಿಗೆ ಅಂಥ ಹಿನ್ನೆಲೆಯೇ ಇರುವುದಿಲ್ಲ. ಎದೆಹಾಲುಣಿಸುವುದು, ತೂಕದ ಹತೋಟಿ, ಮದ್ಯದಿಂದ ದೂರವಿರುವುದು ಅಪಾಯವನ್ನು ತಗ್ಗಿಸುತ್ತವೆ, ನಿಜ. ಆದರೆ ವಯಸ್ಸು ನಮ್ಮ ಕೈಯಲ್ಲಿಲ್ಲ. ತಡೆಯಬಹುದಿತ್ತು ಎಂಬ ಧಾಟಿಯಲ್ಲಿ ಪಾಠ ಹೇಳಿದರೆ ರೋಗ ಬಂದವಳಿಗೆ ತಪ್ಪಿತಸ್ಥ ಭಾವವಷ್ಟೇ ಉಳಿದೀತು.

ಇನ್ನು ಗಂಟು ಸಿಕ್ಕವಳ ಗತಿ. ಮೊದಲ ಸಲ ವೈದ್ಯರನ್ನು ಕಂಡ 60 ದಿನಗಳೊಳಗೆ ರೋಗ ಖಚಿತವಾಗಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕೂಲಿ ಬಿಟ್ಟು, ಬಸ್ಸು ಹಿಡಿದು, ಒಂದೊಂದು ಪರೀಕ್ಷೆಗೆ ಒಂದೊಂದು ಊರು ಅಲೆಯುವವಳಿಗೆ ಇದು ಸಾಧ್ಯವೇ? ಜಾಥಾದ ಖರ್ಚಿಗಿಂತ ಮೊದಲು ಹಣ ಹೋಗಬೇಕಾದದ್ದು ಹಳ್ಳಿಯ ಆರೋಗ್ಯ ಕಾರ್ಯಕರ್ತೆಯರಾದ ಎಎನ್‌ಎಂಗಳ ತರಬೇತಿಗೆ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆಗೆ, ಅಲ್ಲಿಂದಲೇ ಬಯಾಪ್ಸಿಯ ದಿನಾಂಕ ಬರೆದುಕೊಡುವ ವ್ಯವಸ್ಥೆಗೆ.